ಬಿಡಿ ಸಿಗರೇಟಿನ ವ್ಯಾಪಾರ ನಿಲ್ಲಬೇಕು

2025ರ ಮೇ ತಿಂಗಳ ಕೊನೆಗೆ ನಮ್ಮ ರಾಜ್ಯದಲ್ಲಿ ತಂಬಾಕಿನ ಕಾನೂನು ಬದಲಾಯಿತು. ಹಿಂದಿನ ವರ್ಷವೇ ವಿಧಾನಮಂಡಲದಲ್ಲಿ ಪಾಸಾಗಿದ್ದ ತಿದ್ದುಪಡಿಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು, ಗೆಜೆಟ್‌ನಲ್ಲೂ ಬಂತು. ಪೇಪರ್, ಟಿವಿಯಲ್ಲೆಲ್ಲ ದೊಡ್ಡದಾಗಿ ಬಂದದ್ದು ಹುಕ್ಕಾ ಬಾರ್ ನಿಷೇಧದ ಸುದ್ದಿ. ನಡೆಸಿದವರಿಗೆ 1ರಿಂದ 3 ವರ್ಷ ಜೈಲು, 50,000ದಿಂದ 1 ಲಕ್ಷ ರೂಪಾಯಿವರೆಗೆ ದಂಡ. ಒಳ್ಳೆಯದೇ ಆಯಿತು, ಬಿಡಿ. ಆದರೆ ನಮ್ಮ ಮಲೆನಾಡಿನ ತಾಲ್ಲೂಕು ಊರುಗಳಲ್ಲಿ ಹುಕ್ಕಾ ಬಾರ್ ಅನ್ನುವುದನ್ನು ಸಿನಿಮಾದಲ್ಲಿ ಬಿಟ್ಟರೆ ಯಾರೂ ನೋಡಿದವರಲ್ಲ.

ಅದೇ ತಿದ್ದುಪಡಿಯಲ್ಲಿ ಇನ್ನೂ ಕೆಲವು ಸಾಲುಗಳಿವೆ. ತಂಬಾಕು ಕೊಳ್ಳುವ ವಯಸ್ಸು 18ರಿಂದ 21ಕ್ಕೆ ಏರಿತು. ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ಇದ್ದ 200 ರೂಪಾಯಿ ದಂಡ 1,000 ರೂಪಾಯಿಯಾಯಿತು, ತಂಬಾಕು ಜಗಿದು ಉಗಿದರೂ ಅದೇ. ಇವುಗಳ ಜೊತೆಗೆ ಹೆಚ್ಚಿನವರ ಕಣ್ಣಿಗೆ ಬೀಳದೆ ಹೋದ ಒಂದು ಮಾತು: ಸಿಗರೇಟನ್ನು ಪ್ಯಾಕಿನಿಂದ ತೆಗೆದು ಒಂದೊಂದಾಗಿ ಮಾರುವಂತಿಲ್ಲ.

ನನ್ನ ಪ್ರಕಾರ ಇಡೀ ಕಾನೂನಿನಲ್ಲಿ ನಮ್ಮಂಥ ಊರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಮತ್ತು ಎಲ್ಲಕ್ಕಿಂತ ಕಡಿಮೆ ಜಾರಿಯಾದದ್ದೂ ಇದೇ.

ನನ್ನದು ಜೆರಾಕ್ಸ್ ಮತ್ತು ಸ್ಟೇಷನರಿ ಅಂಗಡಿ. ಶಿವಮೊಗ್ಗ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ, ಕಾಲೇಜಿಗೆ ಹೋಗುವ ರಸ್ತೆಯಲ್ಲಿ ಇದೆ. ಊರಿನ ಹೆಸರು ಹಾಕುವುದಿಲ್ಲ, ಯಾಕೆಂದರೆ ಎದುರಿನ ಗೂಡಂಗಡಿಯವರು ಒಳ್ಳೆಯವರು, ಅವರೊಬ್ಬರ ಮೇಲೆ ಕಣ್ಣು ಬೀಳುವುದು ನನಗೆ ಬೇಡ. ಅವರು ಮಾಡುವುದನ್ನೇ ಸುತ್ತಲಿನ ಎಲ್ಲ ಅಂಗಡಿಯವರೂ ಮಾಡುತ್ತಾರೆ.

ಬೆಳಗ್ಗಿನ ಕ್ಲಾಸು ಬಿಟ್ಟ ಮೇಲೆ ಅಲ್ಲಿ ನಡೆಯುವುದನ್ನು ಹೇಳುತ್ತೇನೆ. ಎರಡು ಮೂರು ಹುಡುಗರು ಬರುತ್ತಾರೆ. ಕುತ್ತಿಗೆಯ ಐಡಿ ಕಾರ್ಡನ್ನು ತಿರುಗಿಸಿ ಅಂಗಿಯ ಜೇಬಿಗೆ ಸೇರಿಸಿಕೊಳ್ಳುತ್ತಾರೆ. ಮಾತಿಲ್ಲ, ಒಂದು ಬೆರಳು ಎತ್ತಿದರೆ ಸಾಕು. ಅಂಗಡಿಯವರು ಚಿಕ್ಕಿ ಡಬ್ಬಿಯ ಹಿಂದೆ, ಬಾಯಿ ತೆರೆದ ಪ್ಯಾಕಿಗೆ ಕೈ ಹಾಕುತ್ತಾರೆ, ಕಣ್ಣು ಆ ಕಡೆ ಹೋಗುವುದೂ ಇಲ್ಲ. ಒಂದು ಸಿಗರೇಟು ಹೊರಗೆ ಬರುತ್ತದೆ. ಕಂಬಕ್ಕೆ ದಾರ ಕಟ್ಟಿ ನೇತು ಹಾಕಿದ ಲೈಟರ್ ಇದೆ, ಸಾವಿರ ಕೈ ಮುಟ್ಟಿ ಅದರ ಬಣ್ಣವೇ ಹೋಗಿದೆ. ಹಚ್ಚಿಕೊಂಡು ಗೂಡಂಗಡಿಯ ಹಿಂದಕ್ಕೆ ಹೋಗುತ್ತಾರೆ. ಒಂದು ಸಿಗರೇಟು, ಮೂರು ಜನ. ಮುಗಿದ ಮೇಲೆ ತಲಾ ಒಂದು ಪೆಪ್ಪರ್‌ಮಿಂಟು. ಆಮೇಲೆ ಅದೇ ಹುಡುಗರು ನನ್ನ ಅಂಗಡಿಗೆ ಬಂದು "ಆಂಟಿ, ಈ ನೋಟ್ಸ್ ಎರಡೆರಡು ಕಾಪಿ" ಅನ್ನುತ್ತಾರೆ. ಪುದೀನದ ವಾಸನೆ, ಅದರ ಅಡಿಯಲ್ಲಿ ಹೊಗೆಯ ವಾಸನೆ.

ಮಳೆಗಾಲದಲ್ಲಿ ಇನ್ನೂ ಕಷ್ಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಿಂದಕ್ಕೆ ಹೋಗಿ ನಿಲ್ಲಲು ಆಗುವುದಿಲ್ಲವಲ್ಲ, ಟಾರ್ಪಾಲಿನ ಕೆಳಗೇ ಎಲ್ಲರೂ. ಟೀ ಕುಡಿಯುವವರು, ಬಸ್ಸಿಗೆ ಕಾಯುವ ಹೆಂಗಸರು, ಮಗು ಎತ್ತಿಕೊಂಡವರು, ಸೇದುವವರು, ಎಲ್ಲ ಒಂದೇ ಸೂರಿನಡಿ. ಗಾಳಿ ಆಡದ ಜಾಗ. ಸೇದುವವರ ಪಕ್ಕದಲ್ಲಿ ನಿಂತವರಿಗೂ ಹೃದಯದ ಕಾಯಿಲೆ, ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ ಅನ್ನುವುದು ಎಂದೋ ಸಾಬೀತಾದ ವಿಷಯ. ಕಾಂಗ್ರೆಸ್ ನಾಯಕ ಮುರಳಿ ದೇವೋರಾ ಹಾಕಿದ ಕೇಸಿನಲ್ಲಿ 2001ರಲ್ಲಿ ಸುಪ್ರೀಂ ಕೋರ್ಟ್ ಸಾರ್ವಜನಿಕ ಸ್ಥಳಗಳಲ್ಲಿ ಸೇದುವುದನ್ನು ನಿಷೇಧಿಸಿದ್ದೇ ಈ ಕಾರಣಕ್ಕೆ: ಸೇದದವನು ಬೇರೆಯವರ ಹೊಗೆಗೆ ಯಾಕೆ ಬಲಿಯಾಗಬೇಕು? ಎರಡು ವರ್ಷದ ನಂತರ, 2003ರಲ್ಲಿ, ಇಡೀ ದೇಶಕ್ಕೆ ತಂಬಾಕು ನಿಯಂತ್ರಣದ ಕಾನೂನು, ಕೋಟ್ಪಾ ಕಾಯ್ದೆ, ಬಂತು. ಇವತ್ತಿಗೂ ಎಲ್ಲದಕ್ಕೂ ಅದೇ ತಳಹದಿ.

ಈಗ ಬಿಡಿ ಸಿಗರೇಟಿನ ವಿಷಯಕ್ಕೆ ಬರುತ್ತೇನೆ. ಯಾಕೆ ಅದೊಂದರ ಬಗ್ಗೆ ಇಷ್ಟು ಹಟ ಅಂತ ನನ್ನ ತಂಗಿ ಕೇಳಿದಳು. "ಅಕ್ಕಾ, ಸೇದುವವರು ಒಂದಾದರೂ ಸೇದ್ತಾರೆ, ಹತ್ತಾದರೂ ಸೇದ್ತಾರೆ, ನೀನ್ಯಾಕೆ ಲೆಕ್ಕ ಇಡ್ತೀಯ ಮಾರಾಯ್ತಿ?" ಅವಳಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ.

ಈ ದೇಶದಲ್ಲಿ ಇಷ್ಟು ವರ್ಷ ತಂಬಾಕಿನ ವಿರುದ್ಧ ಮಾಡಿದ ಕೆಲಸದಲ್ಲಿ ದೊಡ್ಡ ಪಾಲು ಪ್ಯಾಕಿನ ಮೇಲಿದೆ. ಆ ಚಿತ್ರಗಳನ್ನು ನೆನಪಿಸಿಕೊಳ್ಳಿ. ಗಂಟಲಲ್ಲಿ ತೂತಾದವರು, ದವಡೆ ಕೊಳೆತವರು. 2009ರಲ್ಲಿ ಶುರುವಾದಾಗ ಚಿಕ್ಕದಾಗಿದ್ದವು. 2016ರ ಏಪ್ರಿಲ್‌ನಿಂದ ಪ್ಯಾಕಿನ ಎರಡೂ ಬದಿಯಲ್ಲಿ ಶೇ 85ರಷ್ಟು ಜಾಗ ಅದಕ್ಕೇ ಬಿಡಬೇಕು ಎಂದಾಯಿತು. ಕಂಪನಿಗಳು ಸುಮ್ಮನೆ ಒಪ್ಪಲಿಲ್ಲ, ಕೋರ್ಟಿಗೆ ಹೋದವು. 2017ರ ಡಿಸೆಂಬರ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಆ ನಿಯಮವನ್ನು ರದ್ದು ಮಾಡಿತು. ಮುಂದಿನ ತಿಂಗಳೇ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿದ್ದರಿಂದ ಚಿತ್ರಗಳು ಉಳಿದವು. 2018ರ ಸೆಪ್ಟೆಂಬರ್‌ನಿಂದ ಪ್ಯಾಕಿನ ಮೇಲೆ ಇನ್ನೂ ಒಂದು ಬಂತು, ಬಿಡಬೇಕು ಅನ್ನುವವರಿಗೆ ಸಹಾಯ ಮಾಡುವ ಉಚಿತ ಫೋನ್ ನಂಬರ್, 1800-11-2356.

ಇಷ್ಟೆಲ್ಲ ಹೋರಾಡಿ ಗಳಿಸಿದ ಆ ಚಿತ್ರ, ಆ ನಂಬರ್ ಇರುವುದು ಎಲ್ಲಿ? ಚಿಕ್ಕಿ ಡಬ್ಬಿಯ ಹಿಂದೆ, ಅಂಗಡಿಯವರ ಕೈಯಲ್ಲಿ. ಹುಡುಗನ ಕೈಗೆ ಬರುವುದು ಒಂದು ಬಿಳಿ ಕಡ್ಡಿ. ಅದರ ಮೇಲೆ ಯಾವ ಎಚ್ಚರಿಕೆಯೂ ಇಲ್ಲ, ಯಾವ ನಂಬರೂ ಇಲ್ಲ. ನಮ್ಮ ದೇಶದಲ್ಲಿ ಸಿಗರೇಟು ಮಾರಾಟವಾಗುವುದು ಬಹುಪಾಲು ಹೀಗೇ. ಸೇದಲು ಶುರು ಮಾಡಿ ವರ್ಷಗಳಾದ ಮೇಲೂ ಒಂದು ಪೂರ್ತಿ ಪ್ಯಾಕನ್ನು ಕೈಯಲ್ಲಿ ಹಿಡಿದು ನೋಡದವರು ಎಷ್ಟು ಜನ ಇದ್ದಾರೋ.

ಎರಡನೆಯದು ದುಡ್ಡು. ಬಜೆಟ್ ಬಂದಾಗಲೆಲ್ಲ "ಸಿಗರೇಟು ದುಬಾರಿ" ಅಂತ ಸುದ್ದಿ ಬರುತ್ತದೆ. ಬೆಲೆ ಏರಿದರೆ ಸೇದುವುದು ಕಡಿಮೆಯಾಗುತ್ತದೆ, ಅದರಲ್ಲೂ ಹುಡುಗರು ಮತ್ತು ಬಡವರು ಬೇಗ ಬಿಡುತ್ತಾರೆ ಅನ್ನುವುದನ್ನು ವಿಶ್ವ ಆರೋಗ್ಯ ಸಂಸ್ಥೆ ಯಾವಾಗಲೂ ಹೇಳುತ್ತಾ ಬಂದಿದೆ. ನಿಜ. ಆದರೆ ಹತ್ತು ಸಿಗರೇಟಿನ ಪ್ಯಾಕಿಗೆ ಇಪ್ಪತ್ತು ರೂಪಾಯಿ ಏರಿದರೆ, ಬಿಡಿ ಕೊಳ್ಳುವವನಿಗೆ ಅದು ಬರೀ ಎರಡು ರೂಪಾಯಿ. ಟೀಗೆ ಕೊಟ್ಟ ನೋಟಿನ ಚಿಲ್ಲರೆಯಲ್ಲೇ ಮುಗಿಯಿತು. ಮನೆಯಲ್ಲಿ ಬಸ್ ಚಾರ್ಜಿಗೆ ಅಂತ ಕೊಟ್ಟ ದುಡ್ಡಿನಲ್ಲಿ ಒಂದು ಸಿಗರೇಟು ಬರುತ್ತದೆ. ಒಂದು ಪ್ಯಾಕು ಬರುವುದಿಲ್ಲ. ಹದಿನೇಳು ವರ್ಷದ ಹುಡುಗ ಇನ್ನೂರು ರೂಪಾಯಿ ಹೊಂದಿಸಿ, ಪ್ಯಾಕು ತೆಗೆದುಕೊಂಡು, ಅದನ್ನು ಅಮ್ಮನ ಕಣ್ಣಿಗೆ ಬೀಳದ ಹಾಗೆ ಬ್ಯಾಗಿನಲ್ಲಿ ಬಚ್ಚಿಟ್ಟುಕೊಂಡು ಮನೆಗೆ ಹೋಗುವುದು ಸುಲಭದ ಕೆಲಸವಲ್ಲ. ಆ ಕಷ್ಟ ಇರಬೇಕು. ಆ ಕಷ್ಟವೇ ಅವನನ್ನು ಕಾಯುತ್ತದೆ.

ವಯಸ್ಸಿನ ಮಿತಿಯೂ ಅಷ್ಟೇ. 21 ಅಂತ ಬರೆದರು, ಸರಿ. ಅಮೆರಿಕ ಕೂಡ 2019ರಲ್ಲಿ ಇದನ್ನೇ ಮಾಡಿತು. ಅದಕ್ಕೆ ಕಾರಣವೂ ಇದೆ. ತಂಬಾಕಿನಲ್ಲಿ ಚಟ ಹಿಡಿಸುವ ನಿಕೋಟಿನ್ ಹೊಗೆಯ ಜೊತೆ ಒಳಗೆ ಹೋದ ಕೆಲವೇ ಸೆಕೆಂಡಿನಲ್ಲಿ ಮೆದುಳಿಗೆ ತಲುಪುತ್ತದೆ. ಇಪ್ಪತ್ತೈದರ ಆಸುಪಾಸಿನವರೆಗೂ ಮೆದುಳು ಇನ್ನೂ ಬೆಳೆಯುತ್ತಲೇ ಇರುತ್ತದೆ, ಆ ವಯಸ್ಸಿನಲ್ಲಿ ಹಿಡಿದ ಚಟ ಗಟ್ಟಿಯಾಗಿ ಕೂರುತ್ತದೆ. ಇಪ್ಪತ್ತೊಂದರವರೆಗೆ ಸೇದದೆ ಇದ್ದವನು ಆಮೇಲೆ ಶುರು ಮಾಡುವುದು ಕಡಿಮೆ. ಆದರೆ ಒಂದೊಂದೇ ಮಾರುವ ಅವಸರದ ವ್ಯಾಪಾರದಲ್ಲಿ ಯಾರು ಯಾರ ವಯಸ್ಸು ಕೇಳುತ್ತಾರೆ? ಬೆರಳು ಎತ್ತಿದ, ಕೊಟ್ಟರು, ಮುಗಿಯಿತು. 18 ತುಂಬದ ಮಕ್ಕಳಿಗೆ ತಂಬಾಕು ಕೊಟ್ಟರೆ 2015ರ ಬಾಲ ನ್ಯಾಯ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ 7 ವರ್ಷದವರೆಗೆ ಕಠಿಣ ಶಿಕ್ಷೆ, 1 ಲಕ್ಷದವರೆಗೆ ದಂಡ. ಇದು ನಮ್ಮ ರಸ್ತೆಯ ಎಷ್ಟು ಅಂಗಡಿಯವರಿಗೆ ಗೊತ್ತು ಅಂತ ವಿಚಾರಿಸಿದೆ. ಒಬ್ಬರಿಗೂ ಗೊತ್ತಿರಲಿಲ್ಲ. ಯಾರೂ ಬಂದು ಹೇಳಿಲ್ಲ.

ಅಂದಹಾಗೆ ಬಿಡಿ ಮಾರಾಟ ಬೇಡ ಅನ್ನುವುದು ಹೊಸ ಯೋಚನೆ ಏನಲ್ಲ. ತಂಬಾಕು ನಿಯಂತ್ರಣಕ್ಕೆ ಜಗತ್ತಿನ ಬಹುಪಾಲು ದೇಶಗಳು ಸೇರಿ ಮಾಡಿಕೊಂಡ ಒಪ್ಪಂದ ಒಂದಿದೆ, 2005ರಿಂದ ಜಾರಿಯಲ್ಲಿದೆ, ಭಾರತ 2003ರಲ್ಲಿ ಸಹಿ ಹಾಕಿ 2004ರಲ್ಲೇ ಅನುಮೋದಿಸಿದೆ. ಅದರ 16ನೇ ವಿಧಿಯಲ್ಲಿ ಬಿಡಿ ಸಿಗರೇಟು, ಚಿಕ್ಕ ಪ್ಯಾಕು ಎರಡೂ ಬೇಡ ಅಂತ ಇದೆ, ಯಾಕೆಂದರೆ ಅವು ಮಕ್ಕಳ ಕೈಗೆ ಸುಲಭವಾಗಿ ಸಿಗುತ್ತವೆ. ಕರ್ನಾಟಕ ಸರ್ಕಾರ 2017ರಲ್ಲೇ ಬಿಡಿ ಮಾರಾಟ ಬೇಡ ಅಂತ ಆದೇಶ ಹೊರಡಿಸಿತ್ತು. ಮಹಾರಾಷ್ಟ್ರ 2020ರಲ್ಲಿ ಮಾಡಿತು. ಈಗ ನಮ್ಮಲ್ಲಿ ಅದು ಕಾನೂನಿನ ಒಳಗೇ ಬಂದಿದೆ. ಆದರೆ ಚಿಕ್ಕಿ ಡಬ್ಬಿಯ ಹಿಂದಿನ ಪ್ಯಾಕು ಇದ್ದ ಜಾಗದಲ್ಲೇ ಇದೆ.

ಚಿಲ್ಲರೆ ಕಾಸಿಗೆ ಸಿಗುವ ಹಾಗೆ ಮಾಡಿದರೆ ತಂಬಾಕು ಹೇಗೆ ಊರು ತುಂಬುತ್ತದೆ ಅನ್ನುವುದನ್ನು ನಾವು ಮಲೆನಾಡಿನವರು ಬೇರೆ ಯಾರಿಂದಲೂ ಕಲಿಯಬೇಕಾಗಿಲ್ಲ. ಗುಟ್ಕಾ ನೋಡಿದ್ದೇವಲ್ಲ. ಹಿಂದೆ ನಮ್ಮ ಮನೆಗಳಲ್ಲಿ ಕವಳ ಹಾಕುವುದು ಇತ್ತು, ಸಂಚಿ ಬಿಚ್ಚಬೇಕು, ಎಲೆಗೆ ಸುಣ್ಣ ಹಚ್ಚಬೇಕು, ಅಡಿಕೆ ಹೋಳು ಮಾಡಬೇಕು, ಕೆಲವರು ಹೊಗೆಸೊಪ್ಪು ಸೇರಿಸುತ್ತಿದ್ದರು. ಅದೂ ಒಳ್ಳೆಯದಲ್ಲ, ನನ್ನ ದೊಡ್ಡಮ್ಮನ ಬಾಯಿ ಹುಣ್ಣು ನೋಡಿದವಳು ನಾನು. ಆದರೆ ಪುಟ್ಟ ಪ್ಯಾಕೆಟ್ ಬಂದ ಮೇಲೆ ಹಲ್ಲಿನಿಂದ ಹರಿದು ಬಾಯಿಗೆ ಸುರಿದುಕೊಂಡರಾಯಿತು, ಶಾಲೆ ಹುಡುಗನ ಕೈಗೂ ಎಟುಕುವ ಬೆಲೆ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಮರುದಿನದಿಂದಲೇ ಎಂಬಂತೆ ಪಾನ್ ಮಸಾಲ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್ ಆಗಿ ಅದೇ ಅಂಗಡಿಯಲ್ಲಿ ಜೋಡಿಯಾಗಿ ನೇತಾಡಲು ಶುರುವಾದವು. ಬಾಯಿ ತೆರೆಯಲಾಗದ ಕಾಯಿಲೆ, ಎರಡು ಬೆರಳೂ ಒಳಗೆ ಹೋಗದಷ್ಟು ಬಾಯಿ ಬಿಗಿಯುವುದು, ಇವತ್ತು ಇಪ್ಪತ್ತರ ಹುಡುಗರಲ್ಲಿ ಕಾಣುತ್ತಿದೆ.

ನಾನು ಅಡಿಕೆ ತೋಟದ ಮನೆಯಲ್ಲೇ ಹುಟ್ಟಿ ಬೆಳೆದವಳು. ಅಡಿಕೆ ಮಾರಾಟದ ಸಹಕಾರ ಸಂಘ ಮಾಮ್ಕೋಸ್‌ಗೆ ಮೂಟೆ ಹೋಗಿ ಬಂದ ದುಡ್ಡಿನಲ್ಲೇ ಓದಿದ್ದು. ಹಾಗಾಗಿ ಈ ಮಾತು ಹೇಳುವಾಗ ನನ್ನ ಮನೆಯವರಿಗೇ ನೋವಾಗುತ್ತದೆ ಅಂತ ಗೊತ್ತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಅದರ ಬಗ್ಗೆ ನಮ್ಮ ಕಡೆ ಜಗಳ ಇನ್ನೂ ಮುಗಿದಿಲ್ಲ, ಇಲ್ಲಿ ಅದನ್ನು ಎತ್ತಲು ಹೋದರೆ ಬೇರೆಯೇ ಬರಹ ಆಗುತ್ತದೆ. ತಂಬಾಕಿನ ಬಗ್ಗೆಯಾದರೂ ಬೆಳೆಗಾರರು ಬಾಯಿ ಬಿಡಬೇಕು ಅನ್ನುವುದಷ್ಟೇ ನನ್ನ ಆಸೆ. ನಮ್ಮ ಬೆಳೆ ತಂಬಾಕಿನ ಜೊತೆ ಸೇರಿ ಹುಡುಗರ ಬಾಯಿಗೆ ಹೋಗುವುದು ಬೇಡ ಅಂತ ನಾವೇ ಹೇಳದಿದ್ದರೆ ಬೇರೆ ಯಾರು ಹೇಳಬೇಕು.

ಸರಿ, ಗೂಡಂಗಡಿಯವರ ಮಾತನ್ನೂ ಕೇಳಬೇಕು. ಮಧ್ಯಾಹ್ನ ವ್ಯಾಪಾರ ಇಲ್ಲದ ಹೊತ್ತಿನಲ್ಲಿ ಹೋಗಿ ಕೂತು ಮಾತಾಡಿದೆ. ಅವರಿಗೆ ನನಗಿಂತ ವಯಸ್ಸಾಗಿದೆ, ಆದರೂ ನನ್ನನ್ನು "ಅಕ್ಕಾ" ಅಂತಲೇ ಕರೆಯುತ್ತಾರೆ.

"ಎಂತ ಮಾಡೋದು ಅಕ್ಕಾ. ಒಂದು ಸಿಗರೇಟಲ್ಲಿ ನನಗೆ ಸಿಗೋದು ಒಂದು ರೂಪಾಯಿ, ಒಂದೂವರೆ. ಅದರಿಂದ ನಾನೇನು ಮನೆ ಕಟ್ಟೋದಿಲ್ಲ. ಆದ್ರೆ ಸಿಗರೇಟಿಗೆ ಬಂದವನು ಟೀ ಕುಡೀತಾನೆ, ಬನ್ನು ತಿಂತಾನೆ. ಸಿಗರೇಟು ಇಲ್ಲ ಅಂದ್ರೆ ಮುಂದಿನ ಅಂಗಡಿಗೆ ಹೋಗ್ತಾನೆ, ಟೀನೂ ಅಲ್ಲೇ ಕುಡೀತಾನೆ."

"ಹುಡುಗರಿಗಾದ್ರೂ ಕೊಡಬೇಡಿ ಅಣ್ಣಾ."

"ನಾನೊಬ್ಬ ನಿಲ್ಲಿಸಿದ್ರೆ ನನ್ನ ವ್ಯಾಪಾರ ಹೋಗ್ತದೆ ಅಷ್ಟೇ. ಎಲ್ಲರೂ ನಿಲ್ಲಿಸ್ಲಿ, ನಾನು ಮೊದಲು ನಿಲ್ಲಿಸ್ತೇನೆ. ನನಗೂ ಮೊಮ್ಮಗ ಇದಾನೆ, ಹೈಸ್ಕೂಲು."

ಅವರ ಈ ಮಾತು ನನಗೆ ಪೂರ್ತಿ ಸರಿ ಅನ್ನಿಸಿತು. ಒಬ್ಬರು ಒಳ್ಳೆಯತನದಿಂದ ನಿಲ್ಲಿಸಿದರೆ ನಷ್ಟ ಅವರಿಗೆ, ಲಾಭ ಪಕ್ಕದವರಿಗೆ. ಎಲ್ಲರಿಗೂ ಒಂದೇ ದಿನ, ಒಂದೇ ನಿಯಮ ಬಂದರೆ ಯಾರಿಗೂ ನಷ್ಟ ಇಲ್ಲ, ಟೀ ಕುಡಿಯುವವನು ಟೀಯನ್ನಂತೂ ಕುಡಿಯಲೇಬೇಕಲ್ಲ. ಕಾನೂನು ಇರುವುದೇ ಇದಕ್ಕೆ.

ಆದರೆ ಕಾನೂನು ನಮ್ಮ ರಸ್ತೆಗೆ ಬರುವುದು ವರ್ಷಕ್ಕೊಮ್ಮೆ, ಮೇ 31ರ ವಿಶ್ವ ತಂಬಾಕು ರಹಿತ ದಿನದ ಆಸುಪಾಸಿನಲ್ಲಿ. ಜೀಪು ಬರುತ್ತದೆ, ಒಂದಿಷ್ಟು ಅಂಗಡಿಗೆ ದಂಡ ಬೀಳುತ್ತದೆ, ರಸೀದಿ ಹರಿಯುತ್ತಾರೆ, ಫೋಟೊ ಪೇಪರ್‌ನಲ್ಲಿ ಬರುತ್ತದೆ. ಜೀಪು ಊರೊಳಗೆ ಬರುವ ಮೊದಲೇ ಫೋನಿನಲ್ಲಿ ಸುದ್ದಿ ಬಂದಿರುತ್ತದೆ, ಪ್ಯಾಕೆಟ್ಟಿನ ಸರಗಳೆಲ್ಲ ಒಳಗೆ ಹೋಗಿರುತ್ತವೆ. ಶಾಲೆಗಳ ಸುತ್ತ 100 ಗಜದಲ್ಲಿ ಹಳದಿ ಗೆರೆ ಎಳೆಯುವ ಕಾರ್ಯಕ್ರಮವೂ ಇದೆ. ನಮ್ಮ ರಸ್ತೆಯ ಗೆರೆ ಮೊದಲ ಮಳೆಗೇ ಮಾಸಿತು. ಮಕ್ಕಳ ಕೈಯಲ್ಲಿ ಗುಲಾಬಿ ಹೂವು ಕೊಡಿಸಿ "ದಯವಿಟ್ಟು ಸೇದಬೇಡಿ, ಮಾರಬೇಡಿ" ಅನ್ನಿಸುವ ಗುಲಾಬಿ ಆಂದೋಲನ ರಾಜ್ಯದ ಹಲವು ಕಡೆ ನಡೆಯುತ್ತದೆ. ಅದನ್ನು ನಾನು ಇಷ್ಟಪಡುತ್ತೇನೆ, ನಿಜವಾಗಿ. ಒಂದು ಪುಟ್ಟ ಹುಡುಗಿ ಹೂವು ಚಾಚಿ ನಿಂತಾಗ ದೊಡ್ಡವರು ಸಿಗರೇಟನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಳ್ಳುವುದನ್ನು ಕಂಡಿದ್ದೇನೆ, ಆ ಸಂಕೋಚ ಬೆಲೆಬಾಳುವಂಥದ್ದು. ಆದರೆ ಉಳಿದ ದಿನಗಳಿಗೆ ಏನು?

ದಂಡದಿಂದ ಮಾತ್ರ ಆಗುವುದಿಲ್ಲ. ಲೈಸೆನ್ಸ್ ಬೇಕು. 2017ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಎಲ್ಲ ರಾಜ್ಯಗಳಿಗೂ ಪತ್ರ ಬರೆದಿತ್ತು: ತಂಬಾಕು ಮಾರುವ ಅಂಗಡಿಗೆ ನಗರಸಭೆ, ಪಟ್ಟಣ ಪಂಚಾಯಿತಿಯಂಥ ಸ್ಥಳೀಯ ಸಂಸ್ಥೆಯಿಂದ ಪ್ರತ್ಯೇಕ ಅನುಮತಿ ಇರಲಿ, ಅಂಥ ಅಂಗಡಿಯಲ್ಲಿ ಚಾಕೊಲೇಟು, ಬಿಸ್ಕೆಟ್, ಚಿಪ್ಸ್, ತಂಪು ಪಾನೀಯ ಯಾವುದೂ ಇರಬಾರದು ಅಂತ. ಎಷ್ಟು ಸರಳ ನೋಡಿ. ಮಗು ಚಿಕ್ಕಿಗೆ ಬರುವ ಅಂಗಡಿಯಲ್ಲಿ ಸಿಗರೇಟು ಇರುವುದಿಲ್ಲ, ಸಿಗರೇಟು ಇರುವ ಅಂಗಡಿಗೆ ಮಗು ಬರುವ ಕೆಲಸವೇ ಇರುವುದಿಲ್ಲ. ಬಿಡಿ ಮಾರಿದರೆ ಲೈಸೆನ್ಸ್ ಹೋಗುತ್ತದೆ ಅನ್ನುವ ಭಯ, ವರ್ಷಕ್ಕೊಮ್ಮೆ ಬೀಳುವ ದಂಡಕ್ಕಿಂತ ದೊಡ್ಡದು. ದಂಡವನ್ನು ವ್ಯಾಪಾರದ ಖರ್ಚಿಗೆ ಸೇರಿಸಿಕೊಂಡು ಬಿಡುತ್ತಾರೆ.

ಇದಕ್ಕೆ ಎದುರು ಮಾತೂ ಇದೆ, ಅದನ್ನು ನನಗೆ ಹೇಳಿದ್ದು ನನ್ನ ಭಾವ. ಆಗುಂಬೆ ಘಾಟಿ ಮೇಲೆ ವರ್ಷಗಟ್ಟಲೆ ಬಸ್ ಓಡಿಸಿದವರು. "ನೋಡು, ನಾನು ಬಿಡಿ ತಗೊಳ್ತಿದ್ದೆ ಅಂತಲೇ ದಿನಕ್ಕೆ ನಾಲ್ಕಕ್ಕೆ ನಿಲ್ತಿತ್ತು. ಪ್ಯಾಕು ಜೇಬಲ್ಲಿ ಇದ್ದಿದ್ರೆ ಹತ್ತೂ ಸೇದ್ತಿದ್ದೆ" ಅಂದರು. ಇದು ಸುಳ್ಳಲ್ಲ. ಬಿಡಬೇಕು ಅಂತ ಪ್ರಯತ್ನ ಪಡುವ ಎಷ್ಟೋ ಜನ ಕಡಿಮೆ ಮಾಡಲು ಬಿಡಿಯಾಗಿ ಕೊಳ್ಳುತ್ತಾರೆ. ಆದರೆ ಅದೇ ಬಿಡಿ ಸಿಗರೇಟು ಬಿಟ್ಟವರನ್ನು ವಾಪಸ್ ಎಳೆಯುವುದೂ ಹೌದು. ಬಿಟ್ಟು ವಾರವಾದವನಿಗೆ ಪ್ಯಾಕು ಕೊಳ್ಳಲು ಮನಸ್ಸು ಒಪ್ಪುವುದಿಲ್ಲ. "ಒಂದೇ ಒಂದು" ಅಂದರೆ ಒಪ್ಪುತ್ತದೆ. ಭಾವನೂ ಮೊದಲ ಸಲ ಬಿಟ್ಟಾಗ ಹಾಗೇ ಜಾರಿದ್ದು, ಘಾಟಿ ಹತ್ತುವ ಮೊದಲು ಟೀ ಅಂಗಡಿಯಲ್ಲಿ, ಒಂದೇ ಒಂದು.

ಭಾವ ಆಮೇಲೆ ಪೂರ್ತಿ ಬಿಟ್ಟರು. ಹೇಗೆ ಅನ್ನುವುದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಓದುವವರಲ್ಲಿ ಯಾರಿಗಾದರೂ ಬೇಕಾಗಬಹುದು. ಆ 1800-11-2356 ನಂಬರಿಗೆ ಅಕ್ಕ ಫೋನ್ ಹಚ್ಚಿಕೊಟ್ಟಳು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದರ ಕೇಂದ್ರ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ಬೈಯುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಯಾವಾಗ ಸೇದಬೇಕು ಅನ್ನಿಸುತ್ತದೆ, ಯಾರ ಜೊತೆ ಇದ್ದಾಗ, ಏನು ಕುಡಿದ ಮೇಲೆ ಅಂತ ಕೇಳಿದರು. ಬಿಡುವುದಕ್ಕೆ ಒಂದು ದಿನ ಗೊತ್ತು ಮಾಡಿಸಿದರು. ಆಮೇಲೆ ಅವರೇ ಮತ್ತೆ ಫೋನ್ ಮಾಡಿ ವಿಚಾರಿಸಿದರು. ಇದು ಭಾವನಿಗೆ ತುಂಬಾ ಹಿಡಿಸಿತು.

ಸೇದುವುದನ್ನು ಬಿಡಲು ಸಹಾಯ ಮಾಡುವ ನಿಕೋಟಿನ್ ಗಮ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ, 2 ಮಿಲಿಗ್ರಾಂನದು. ಭಾವ ಅದನ್ನು ಮೊದಲು ಚೂಯಿಂಗ್ ಗಮ್ ಅಂದುಕೊಂಡು ಒಂದೇ ಸಮ ಜಗಿದು, ಗಂಟಲು ಉರಿ, ಬಿಕ್ಕಳಿಕೆ ಬಂದು, ಇದು ನನಗಾಗುವುದಿಲ್ಲ ಅಂತ ಡಬ್ಬಿ ಎಸೆಯಲು ಹೊರಟಿದ್ದರು. ಹಾಗೆ ಜಗಿಯಬಾರದು. ನಿಧಾನಕ್ಕೆ ಕೆಲವು ಸಲ ಜಗಿಯಬೇಕು, ಖಾರ ಅಥವಾ ಜುಮ್ಮೆನ್ನುವ ರುಚಿ ಬಂದ ಕೂಡಲೇ ನಿಲ್ಲಿಸಿ ಕವಳವನ್ನು ದವಡೆಯಲ್ಲಿ ಇಟ್ಟುಕೊಂಡ ಹಾಗೆ ಕೆನ್ನೆ ಮತ್ತು ವಸಡಿನ ನಡುವೆ ಇಟ್ಟುಕೊಳ್ಳಬೇಕು, ರುಚಿ ಹೋದ ಮೇಲೆ ಮತ್ತೆ ಜಗಿಯಬೇಕು. ಅರ್ಧ ಗಂಟೆ ಹೀಗೆ. ಅದಕ್ಕೂ ಮೊದಲಿನ ಕಾಲು ಗಂಟೆ ಟೀ ಕಾಫಿ ಕುಡಿಯಬಾರದು, ಕುಡಿದರೆ ಔಷಧ ಸರಿಯಾಗಿ ಹೀರುವುದಿಲ್ಲ. ಹೃದಯದ ತೊಂದರೆ ಇದ್ದವರು, ಬಸುರಿಯರು ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಬಾರದು. ಜಿಲ್ಲಾ ಆಸ್ಪತ್ರೆಗಳಲ್ಲಿ ತಂಬಾಕು ಬಿಡಿಸುವ ಕೇಂದ್ರಗಳಿರುತ್ತವೆ, ಅಲ್ಲಿ ಕೇಳಿದರೆ ಬೇಕಾದವರಿಗೆ ಮಾತ್ರೆಯನ್ನೂ ಬರೆದುಕೊಡುತ್ತಾರೆ.

ಮೊದಲ ಎರಡು ಮೂರು ದಿನ ಬಹಳ ಕಷ್ಟ. ಸಿಡುಕು, ತಲೆನೋವು, ನಿದ್ದೆ ಇಲ್ಲ, ಅಕ್ಕ ಅವರ ಹತ್ತಿರ ಸುಳಿಯುತ್ತಿರಲಿಲ್ಲ. ಕೆಲವು ವಾರದಲ್ಲಿ ಅದು ಇಳಿಯುತ್ತದೆ. ಸೇದಬೇಕು ಅನ್ನುವ ಆಸೆ ಒಮ್ಮೆಲೇ ಉಕ್ಕಿ ಬರುತ್ತದೆ, ಆದರೆ ಕೆಲವೇ ನಿಮಿಷದಲ್ಲಿ ಹೋಗುತ್ತದೆ, ಆ ನಿಮಿಷಗಳನ್ನು ದಾಟಿಸಲು ಒಂದು ಲೋಟ ನೀರು, ನಾಲ್ಕು ಹೆಜ್ಜೆ ನಡೆಯುವುದು, ಯಾರಿಗಾದರೂ ಫೋನ್ ಮಾಡುವುದು, ಏನಾದರೂ ಸರಿ. ಬಿಟ್ಟ ಇಪ್ಪತ್ತೇ ನಿಮಿಷದಲ್ಲಿ ಹೃದಯದ ಬಡಿತ ಇಳಿಯಲು ಶುರುವಾಗುತ್ತದೆ, ಒಂದು ವರ್ಷದಲ್ಲಿ ಹೃದಯದ ರಕ್ತನಾಳದ ಕಾಯಿಲೆಯ ಅಪಾಯ ಸೇದುವವರಿಗೆ ಇರುವುದರ ಸುಮಾರು ಅರ್ಧಕ್ಕೆ ಇಳಿಯುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಭಾವ ಈಗ ಹೇಳುವುದು ಬೇರೆ. ಮಳೆಗಾಲದ ಆ ಕೆಮ್ಮು ಹೋಯಿತು, ಅನ್ನ ಸಾರಿನ ರುಚಿ ತಿಳಿಯುತ್ತದೆ, ಮೊಮ್ಮಗಳು ಹತ್ತಿರ ಬಂದು ಕೂರುತ್ತಾಳೆ.

ಬೀಡಿಯ ಬಗ್ಗೆ ಹೇಳದೆ ಮುಗಿಸಿದರೆ ತಪ್ಪಾಗುತ್ತದೆ. ತೋಟದ ಕೆಲಸಕ್ಕೆ ಬರುವವರು ಸೇದುವುದು ಬೀಡಿ, ಮಳೆಗೆ ನೆನೆಯದ ಹಾಗೆ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಾರೆ. ಅದು ಕಟ್ಟಿನಲ್ಲೇ ಸಿಗುತ್ತದೆ, ಒಂದು ಸಿಗರೇಟಿನ ದುಡ್ಡಿಗೆ ಒಂದು ಕಟ್ಟು. ಎಲೆಯಲ್ಲಿ ಸುತ್ತಿದ್ದು, ನಾಟಿ ವಸ್ತು, ಸಿಗರೇಟಿನಷ್ಟು ಕೆಟ್ಟದ್ದಲ್ಲ ಅಂತ ನಂಬಿದವರು ಬಹಳ ಜನ. ನಿಜ ಏನೆಂದರೆ ಬೀಡಿ ಆರದಂತೆ ಜಾಸ್ತಿ ಸಲ, ಜೋರಾಗಿ ಎಳೆಯಬೇಕು, ಹಾಗಾಗಿ ಟಾರ್, ಕಾರ್ಬನ್ ಮೊನಾಕ್ಸೈಡ್ ಸಿಗರೇಟಿಗಿಂತ ಹೆಚ್ಚೇ ಒಳಗೆ ಹೋಗುತ್ತದೆ. ಹೀಗಿದ್ದೂ 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಕೌನ್ಸಿಲ್ ಬೀಡಿಯ ತೆರಿಗೆಯನ್ನು ಶೇ 28ರಿಂದ 18ಕ್ಕೆ ಇಳಿಸುವ ತೀರ್ಮಾನ ಮಾಡಿತು. ಬೀಡಿ ಕಟ್ಟುವ ಹೆಂಗಸರ ಹೊಟ್ಟೆಪಾಡು ಅಂತ ಕಾರಣ ಹೇಳುವವರಿದ್ದಾರೆ. ಆ ಹೆಂಗಸರ ಬಗ್ಗೆ ನನಗೂ ಕಾಳಜಿ ಇದೆ, ಅವರಿಗೆ ಬೇರೆ ಕೆಲಸ ಕೊಡಿಸುವುದು ಸರ್ಕಾರದ ಜವಾಬ್ದಾರಿ. ಬಡವನ ಶ್ವಾಸಕೋಶಕ್ಕೆ ರಿಯಾಯಿತಿ ದರದಲ್ಲಿ ಹೊಗೆ ತುಂಬುವುದು ಅದಕ್ಕೆ ಪರಿಹಾರ ಅಲ್ಲ.

ನಾವು ಏನೂ ಸಾಧಿಸಿಲ್ಲ ಅಂತ ನಾನು ಹೇಳುತ್ತಿಲ್ಲ. ರಾಷ್ಟ್ರ ಮಟ್ಟದ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ ಕರ್ನಾಟಕದ ಲೆಕ್ಕ 2009–10ರಲ್ಲಿ ಶೇ 28.2 ಇದ್ದದ್ದು 2016–17ಕ್ಕೆ ಶೇ 22.8 ಆಗಿತ್ತು. ನಮ್ಮ ಚಿಕ್ಕಂದಿನಲ್ಲಿ ಬಸ್ಸಿನ ಒಳಗೇ ಸೇದುತ್ತಿದ್ದರು, ಸೀಟಿನ ಹಿಂದೆ ಬೀಡಿ ಆರಿಸಿದ ಕಪ್ಪು ಕಲೆ ಇರುತ್ತಿತ್ತು. ಈಗ ಯಾರಾದರೂ ಬಸ್ಸಿನಲ್ಲಿ ಹಚ್ಚಿದರೆ ಕಂಡಕ್ಟರ್ ಬಿಡಿ, ಪಕ್ಕದ ಸೀಟಿನ ಅಜ್ಜಿಯೇ ಇಳಿಸುತ್ತಾರೆ. ಇದು ಕಾನೂನಿನಿಂದ ಶುರುವಾಗಿ ಜನರ ಅಭ್ಯಾಸಕ್ಕೆ ಇಳಿದದ್ದು. ಬಿಡಿ ಸಿಗರೇಟಿನ ವಿಷಯದಲ್ಲೂ ಆಗುತ್ತದೆ ಅಂತ ನಾನು ಗಟ್ಟಿಯಾಗಿ ನಂಬಿರುವುದು ಇದನ್ನು ಕಣ್ಣಾರೆ ನೋಡಿದ್ದಕ್ಕೆ.

ನಾವು ಕೆಲವು ಅಂಗಡಿಯವರು, ಇಬ್ಬರು ಮೇಷ್ಟ್ರು, ಸ್ವಸಹಾಯ ಸಂಘದ ಹೆಂಗಸರು ಸೇರಿ ಒಂದು ಮನವಿ ಬರೆದಿದ್ದೇವೆ. ಗೂಡಂಗಡಿಯವರೂ ಓದಿ ನೋಡಿ ಸಹಿ ಹಾಕಿದ್ದಾರೆ, ಒಂದು ಷರತ್ತಿನ ಮೇಲೆ, ನಿಯಮ ಇಡೀ ಊರಿಗೆ ಒಂದೇ ದಿನದಿಂದ ಬರಬೇಕು ಅಂತ. ಕೇಳಿರುವುದು ಇಷ್ಟು: ತಂಬಾಕು ಮಾರಲು ಪ್ರತ್ಯೇಕ ಲೈಸೆನ್ಸ್ ಮಾಡಿ, ಆ ಅಂಗಡಿಯಲ್ಲಿ ತಿಂಡಿ ಬೇಡ. ಬಿಡಿ ಸಿಗರೇಟು ಮಾರಬಾರದು, 21ರ ಒಳಗಿನವರಿಗೆ ಕೊಡಬಾರದು ಅನ್ನುವ ಬೋರ್ಡು ಪ್ರತಿ ಅಂಗಡಿಯಲ್ಲಿ ಕನ್ನಡದಲ್ಲಿ ಇರಲಿ, 77ನೇ ಸೆಕ್ಷನ್ನಿನ ಶಿಕ್ಷೆಯನ್ನೂ ಅದರಲ್ಲಿ ಬರೆಯಿರಿ. ತಪಾಸಣೆ ವರ್ಷಕ್ಕೊಮ್ಮೆ ಅಲ್ಲ, ತಿಂಗಳಿಗೊಮ್ಮೆ, ಹೇಳದೆ ಬನ್ನಿ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಂದು ದಿನವಾದರೂ ತಂಬಾಕು ಬಿಡುವವರ ಜೊತೆ ಮಾತಾಡಲು ಒಬ್ಬರು ಕೂರಲಿ, ನಿಕೋಟಿನ್ ಗಮ್ ಅಲ್ಲೇ ಸಿಗಲಿ.

ಮುಂದಿನ ವಾರ ಇದನ್ನು ಕೊಡಲು ಹೋಗುತ್ತೇವೆ. ಮನವಿಯ ಪ್ರತಿ ನನ್ನ ಅಂಗಡಿಯ ಕಂಪ್ಯೂಟರಿನಲ್ಲಿದೆ. ನಿಮ್ಮ ಊರಿನಲ್ಲೂ ಕೊಡಬೇಕು ಅನ್ನಿಸಿದರೆ ಹೇಳಿ, ಊರಿನ ಹೆಸರು ಬದಲಾಯಿಸಿ ಕಳಿಸಿಕೊಡುತ್ತೇನೆ.